ಐಸ್ ಇಟ್ಟವರಿಗೆ ರಿಲೀಫ್ ಇಲ್ಲ

ಐಸ್ ಹಾಕಿಯಲ್ಲಿ ಪಕ್ಕನ್ನು ದೂರ ಅಟ್ಟಿದರೆ ಸೀಟಿ ಯಾಕೆ? ಆ ತಪ್ಪಿಗೆ ‘ಐಸಿಂಗ್’ ಅನ್ನುವ ಹೆಸರು ಯಾಕೆ? ಊರಿಗಾಂ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ಎದ್ದ ಪ್ರಶ್ನೆಯ ಬೆನ್ನು ಹತ್ತಿ...

ಊರಿಗಾಂನಲ್ಲಿ ಬೆಳಗಿನ ಐದೂವರೆಗೆ ಎಚ್ಚರವಿರುವವರು ಎರಡು ಬಗೆ. ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯಬೇಕಾದವರು ಒಂದು ಬಗೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಒಂದೊಂದೇ ಸ್ಟೇಷನ್ನಿನಲ್ಲಿ ಜನ ತುಂಬಿಕೊಂಡು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಂದೋ ನಿಂತುಹೋದ ಗಣಿಯ ಸೈರನ್ನಿಗೆ ಇವತ್ತಿಗೂ ಕಣ್ಣು ಬಿಡುವ ಮುದುಕರು ಇನ್ನೊಂದು ಬಗೆ. ಅವರಿಗೆ ಹಿಡಿಯಬೇಕಾದ ರೈಲಿಲ್ಲ. ಆದರೂ ಮಫ್ಲರ್ ಸುತ್ತಿಕೊಂಡು ಸ್ಟೇಷನ್ ಕಡೆ ಬರುತ್ತಾರೆ, ಟೀ ಹೇಳುತ್ತಾರೆ, ಹೋಗುವವರನ್ನು ನೋಡುತ್ತಾ ಕೂರುತ್ತಾರೆ.

ನನಗೆ ಪರಿಚಯವಾದ ಹಿರಿಯರು ಈ ಎರಡನೆಯ ಬಗೆಯವರು. ಚಾಂಪಿಯನ್ ರೀಫ್ ಗಣಿಯ ಟಿಂಬರಿಂಗ್ ಗ್ಯಾಂಗಿನಲ್ಲಿದ್ದವರು. ಮೇಲಿನ ಬಂಡೆ ಕೂರದಂತೆ ಮರದ ದಿಮ್ಮಿ ಕೊಡುವ ಕೆಲಸ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಇವರ ಕಣ್ಣು ಮಾತ್ರ ಮೊದಲ ಶಿಫ್ಟಿಗೇ ತೆರೆದುಕೊಳ್ಳುತ್ತದೆ. ಈಗ ಅದಕ್ಕೊಂದು ಉಪಯೋಗವೂ ಸಿಕ್ಕಿದೆ. ಮಗಳು ಅಳಿಯ ಟೊರಾಂಟೊ ಹತ್ತಿರ ಇದ್ದಾರೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳಾದಾಗ ಇಲ್ಲಿ ಮರುದಿನದ ಐದೂವರೆ. ಟೊರಾಂಟೊ ಮೇಪಲ್ ಲೀಫ್ಸ್ ತಂಡ ಐಸ್ ಮೇಲೆ ಇಳಿಯುವ ಹೊತ್ತು. ಮೊಮ್ಮಗ ವಿಡಿಯೊ ಕಾಲ್ ಮಾಡಿ ಫೋನನ್ನು ಟಿವಿಗೆ ಮುಖ ಮಾಡಿ ನಿಲ್ಲಿಸುತ್ತಾನೆ. ತಾತ ಇಲ್ಲಿ ಟೀ ಹೀರುತ್ತಾ ಅಲ್ಲಿಯ ಟಿವಿಯನ್ನು ಇಲ್ಲಿಯ ಫೋನಿನಲ್ಲಿ ನೋಡುತ್ತಾರೆ. ಅಷ್ಟು ಸಣ್ಣ ಪರದೆಯಲ್ಲಿ ಪಕ್ಕು ಅನ್ನುವ ಆ ಕಪ್ಪು ಬಿಲ್ಲೆ ಎಲ್ಲಿ ಕಾಣಬೇಕು! ಆಟಗಾರರು ಎತ್ತ ನುಗ್ಗುತ್ತಾರೋ ಬಿಲ್ಲೆ ಅತ್ತ ಇದೆ ಅಂದುಕೊಳ್ಳಬೇಕು.

ಅಂಥ ಒಂದು ಬೆಳಿಗ್ಗೆ ಅವರು ನನ್ನ ಕಡೆ ಫೋನು ಚಾಚಿದರು.

“ನೋಡಿ ಸಾರ್. ಅವನು ಚೆನ್ನಾಗೇ ಹೊಡ್ದ. ಈ ತುದಿಯಿಂದ ಆ ತುದಿಗೆ ಹೋಯ್ತು. ಅದಕ್ಯಾಕೆ ಸೀಟಿ?”

ಫೋನಿನೊಳಗಿಂದ ಹುಡುಗನ ದನಿ ಬಂತು. “ಐಸಿಂಗ್, ತಾತಾ.”

“ಐಸಿಂಗ್ ಅಂದ್ರೆ ಕ್ರಿಸ್‌ಮಸ್ ಕೇಕಿಗೆ ಬಳೀತಾರಲ್ಲ, ಅದಲ್ವೇನೋ?”

ಹುಡುಗ ನಕ್ಕ. ತಾತ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಪತ್ರಿಕೆಗೆ ಬರೆಯುವವನಿಗೆ ಎಲ್ಲವೂ ಗೊತ್ತಿರಬೇಕು ಅನ್ನುವ ನಂಬಿಕೆ ಈ ಕಡೆ ಇನ್ನೂ ಉಳಿದಿದೆ.

ದೂರ ಹೊಡೆದರೆ ತಪ್ಪು

ನಿಯಮ ಹೇಳಲು ಸುಲಭ. ಐಸ್ ಹಾಕಿಯ ಅಂಕಣ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ 200 ಅಡಿ ಉದ್ದ, 85 ಅಡಿ ಅಗಲ. ಸುತ್ತ ತಡೆಗೋಡೆ. ನಟ್ಟನಡುವೆ ಅಡ್ಡಲಾಗಿ ಒಂದು ಕೆಂಪು ಗೆರೆ, ಎರಡು ತುದಿಗಳಲ್ಲಿ ಗೋಲಿನ ಗೆರೆ. ನಡುಗೆರೆಗಿಂತ ಹಿಂದೆ, ಅಂದರೆ ತನ್ನ ಅರ್ಧದಲ್ಲಿ ನಿಂತು ಒಬ್ಬ ಆಟಗಾರ ಪಕ್ಕನ್ನು ಹೊಡೆದ ಅಂತಿಟ್ಟುಕೊಳ್ಳಿ. ಅದು ಯಾರಿಗೂ ತಗುಲದೆ ಸರ್ರನೆ ಜಾರಿ ಎದುರಾಳಿಯ ಗೋಲುಗೆರೆ ದಾಟಿತು. ಅದೇ ಐಸಿಂಗ್. ಲೈನ್ಸ್‌ಮನ್ ಕೈ ಎತ್ತುತ್ತಾನೆ, ಸೀಟಿ ಬೀಳುತ್ತದೆ, ಪಕ್ಕು ವಾಪಸ್ ಬರುತ್ತದೆ. ಎಲ್ಲಿಗೆ? ಹೊಡೆದವನ ಗೋಲಿನ ಪಕ್ಕಕ್ಕೇ. ಅಲ್ಲಿ ಇಬ್ಬರು ಎದುರುಬದುರು ಬಗ್ಗಿ ನಿಲ್ಲುತ್ತಾರೆ, ನಡುವೆ ಪಕ್ಕು ಬೀಳುತ್ತದೆ, ಇಬ್ಬರೂ ಕಸಿಯಲು ನೋಡುತ್ತಾರೆ. ಇದು ಫೇಸ್‌ಆಫ್. ಹಳೆಯ ಹಾಕಿ ಆಡಿದವರಿಗೆ ‘ಬುಲ್ಲಿ’ ಅಂದರೆ ತಕ್ಷಣ ಹೊಳೆಯುತ್ತದೆ. ಎಲ್ಲಿಂದ ಅಪಾಯ ಓಡಿಸಿದೆನೋ ಅಲ್ಲಿಗೇ ಅಪಾಯ ಮರಳಿ ಬಂತು ಅನ್ನುವುದು ಶಿಕ್ಷೆಯ ತಿರುಳು.

ಪಕ್ಕು ನೇರವಾಗಿ ಗೋಲಿನೊಳಗೇ ಹೋದರೆ ಅದು ಗೋಲು, ಐಸಿಂಗ್ ಅಲ್ಲ. ಎದುರಾಳಿ ಮನಸ್ಸು ಮಾಡಿದ್ದರೆ ತಡೆಯಬಹುದಿತ್ತು ಎಂದು ಲೈನ್ಸ್‌ಮನ್‌ಗೆ ಕಂಡರೆ ಸೀಟಿಯಿಲ್ಲ. ಫೇಸ್‌ಆಫಿನಿಂದ ನೇರವಾಗಿ ಚಿಮ್ಮಿ ಹೋದರೂ ಇಲ್ಲ. ಇನ್ನೊಂದು ದೊಡ್ಡ ವಿನಾಯಿತಿಯಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಅದರ ಬಗ್ಗೆ ನನ್ನದೊಂದು ತಕರಾರಿದೆ.

ತಾತ ಇಷ್ಟನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: “ನಮ್ಮ ಲೈನಲ್ಲೂ ಇದೇ ಅಲ್ವಾ ಸಾರ್. ಗೋಡೆ ಆಚೆ ಹೊಡೆದ್ರೆ ಔಟು. ಹೊಡ್ದೋನೇ ಹೋಗಿ ಬಾಲ್ ತರ್ಬೇಕು.”

ಕೆಜಿಎಫ್‌ನ ಲೈನ್ ಮನೆಗಳ ನಡುವಿನ ಓಣಿ ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಗಣಿ ಕಾರ್ಮಿಕರಿಗೆ ಕಂಪನಿ ಸಾಲಾಗಿ ಕಟ್ಟಿಸಿದ ಪುಟ್ಟ ಮನೆಗಳು. ಎರಡು ಸಾಲುಗಳ ನಡುವೆ ಉಳಿದ ಜಾಗವೇ ಹುಡುಗರ ಸ್ಟೇಡಿಯಂ. ಅಲ್ಲಿ ಸಿಕ್ಸರ್ ಅನ್ನುವುದು ಪರಾಕ್ರಮವಲ್ಲ, ಅಪರಾಧ. ಬಾಲು ಯಾರದೋ ಹೆಂಚಿನ ಮೇಲೋ ಮೋರಿಯೊಳಗೋ ಹೋದರೆ ಆಟವೇ ನಿಂತಿತು. ನಿಂತ ಹೊತ್ತು ಎಲ್ಲರದ್ದೂ, ತಪ್ಪು ಒಬ್ಬನದ್ದು. ಈ ತತ್ವವನ್ನು ಹತ್ತು ವರ್ಷದ ಹುಡುಗರು ಒಂದು ಮಧ್ಯಾಹ್ನದಲ್ಲಿ ಕಂಡುಕೊಳ್ಳುತ್ತಾರೆ. ಎನ್‌ಎಚ್‌ಎಲ್ಲಿನ ದೊಡ್ಡವರಿಗೆ ಇದಕ್ಕೆ ಆರು ವರ್ಷ ಹಿಡಿಯಿತು.

41 ಸೆಕೆಂಡಿಗೊಮ್ಮೆ

1931. ನ್ಯೂಯಾರ್ಕ್ ಅಮೆರಿಕನ್ಸ್ ಅಂತ ಒಂದು ತಂಡವಿತ್ತು. ಅದರ ಮಾಲೀಕ ಬಿಲ್ ಡ್ವಯರ್, ಪಾನನಿಷೇಧದ ಕಾಲದಲ್ಲಿ ಕಳ್ಳಮದ್ಯ ಸಾಗಿಸಿ ದುಡ್ಡು ಮಾಡಿದವನು. ಆ ತಂಡ ಬಾಸ್ಟನ್ ಬ್ರೂಯಿನ್ಸ್ ಎದುರು ಬಾಸ್ಟನ್ನಿನಲ್ಲೇ ಆಡುತ್ತಿತ್ತು. ಮುನ್ನಡೆ ಸಿಕ್ಕಿತು. ಮುನ್ನಡೆ ಸಿಕ್ಕ ಮೇಲೆ ಇನ್ನು ಆಡುವುದೇಕೆ? ಪಕ್ಕು ಕೈಗೆ ಬಂದಾಗಲೆಲ್ಲ ಆ ತುದಿಗೆ ಅಟ್ಟುವುದು, ಬಾಸ್ಟನ್ನಿನವರು ಹೋಗಿ ತರುವುದು, ತಂದರೆ ಮತ್ತೆ ಅಟ್ಟುವುದು. ಹೀಗೆ 61 ಬಾರಿ. ಅಮೆರಿಕನ್ಸ್ 3–2ರಿಂದ ಗೆದ್ದರು. ಟಿಕೆಟ್ ಕೊಂಡು ಬಂದ ಬಾಸ್ಟನ್ನಿನ ಜನ ನೋಡಿದ್ದು ಆಟವನ್ನಲ್ಲ, ಪಕ್ಕು ಹೆಕ್ಕಿ ತರುವ ಕಸರತ್ತನ್ನು.

ಬ್ರೂಯಿನ್ಸ್ ಮಾಲೀಕ ಚಾರ್ಲ್ಸ್ ಆಡಮ್ಸ್ ಕಿರಾಣಿ ಅಂಗಡಿಗಳ ದೊಡ್ಡ ಸರಪಳಿಯ ಧಣಿ, ಲೆಕ್ಕದ ಮನುಷ್ಯ. ಇದನ್ನು ತಡೆಯಿರಿ ಎಂದು ಲೀಗಿಗೆ ಹೇಳಿದ. ಲೀಗು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಸಲ ನ್ಯೂಯಾರ್ಕಿನಲ್ಲಿ ಎರಡೂ ತಂಡ ಎದುರಾದಾಗ ಬ್ರೂಯಿನ್ಸ್ ಸೇಡು ತೀರಿಸಿಕೊಂಡಿತು. 87 ಬಾರಿ ಪಕ್ಕನ್ನು ಆ ತುದಿಗೆ ಅಟ್ಟಿತು. 60 ನಿಮಿಷದ ಆಟದಲ್ಲಿ 87 ಅಂದರೆ ಸರಿಸುಮಾರು 41 ಸೆಕೆಂಡಿಗೊಮ್ಮೆ. ಮ್ಯಾಚು 0–0. ನಿಯಮವೊಂದು ಬೇಕೇಬೇಕು ಎಂದು ತೋರಿಸಲು ಇದಕ್ಕಿಂತ ಬೇಸರದ, ಇದಕ್ಕಿಂತ ಅಚ್ಚುಕಟ್ಟಾದ ಪ್ರತಿಭಟನೆ ಇರಲಾರದು. ನಮ್ಮಲ್ಲಿ ‘ನಿಯಮದಂತೆ ಕೆಲಸ’ ಎಂದು ಕಾರ್ಮಿಕರು ಮುಷ್ಕರ ಹೂಡುತ್ತಾರಲ್ಲ, ಅಕ್ಷರಶಃ ಅದು. ಇಷ್ಟಾದರೂ ಐಸಿಂಗ್ ತಪ್ಪು ಎಂದು ನಿಯಮ ಪುಸ್ತಕಕ್ಕೆ ಬಂದದ್ದು 1937ರಲ್ಲಿ. ಅಂಕಣದ ನಟ್ಟನಡುವಿನ ಕೆಂಪು ಗೆರೆಯಂತೂ ಇನ್ನೂ ತಡ, 1943–44ರ ಋತುವಿನಲ್ಲಿ ಬಂತು. ಅಷ್ಟು ಹೊತ್ತಿಗೆ ನ್ಯೂಯಾರ್ಕ್ ಅಮೆರಿಕನ್ಸ್ ತಂಡವೇ ಬಾಗಿಲು ಹಾಕಿತ್ತು.

ಹೊತ್ತು ಕೊಲ್ಲುವ ಆಟಗಾರರಿಗೂ ಹೊತ್ತು ಉಳಿಸುವ ನಿಯಮಕ್ಕೂ ನಡುವಿನ ಈ ಜಗಳ ಎಲ್ಲ ಆಟಗಳಲ್ಲೂ ಇದೆ. 1950ರಲ್ಲಿ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚು 19–18ಕ್ಕೆ ಮುಗಿಯಿತು. ನಾಲ್ಕು ವರ್ಷದಲ್ಲಿ 24 ಸೆಕೆಂಡಿನ ಗಡಿಯಾರ ಬಂತು. ಗೋಲ್‌ಕೀಪರಿಗೆ ಬಾಲು ಹಿಂದಕ್ಕೆ ಕೊಟ್ಟು ಕೊಟ್ಟು 1990ರ ಫುಟ್‌ಬಾಲ್ ವಿಶ್ವಕಪ್ಪನ್ನು ನಿದ್ದೆಗೆಡವಿದ ಮೇಲೆ 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ದೂರ ಯಾಕೆ, ನಮ್ಮ ಕಬಡ್ಡಿಯನ್ನೇ ನೋಡಿ. ಗೆರೆ ಮುಟ್ಟಿ ಬರಿಗೈಲಿ ವಾಪಸ್ ಬರುವ ರೈಡರುಗಳ ಕಾಟ ತಪ್ಪಿಸಲು ಪ್ರೊ ಕಬಡ್ಡಿಯವರು ‘ಡು ಆರ್ ಡೈ’ ತಂದರು: ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟು ತರಬೇಕು, ಇಲ್ಲವೇ ಔಟು.

ಹಾಗಾದರೆ ನೆಲದ ಮೇಲಿನ ಹಾಕಿಯಲ್ಲಿ ಐಸಿಂಗಿಗೆ ಸಮ ಯಾವುದು? ಕೋಲು ಒಂದೇ ಕುಲದ್ದು. ತೂಕ ಕೂಡ ಹತ್ತಿರ ಹತ್ತಿರ: ಹಾಕಿ ಚೆಂಡು 156ರಿಂದ 163 ಗ್ರಾಂ, ಪಕ್ಕು 156ರಿಂದ 170 ಗ್ರಾಂ. ಕೊಡಗಿನಲ್ಲಿ 1997ರಿಂದ ನಡೆದುಬಂದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಬ್ಯಾಕ್ ಆಡುವ ಯಾರನ್ನಾದರೂ ಕೇಳಿ, ತನ್ನ ಕಡೆಯಿಂದ ಬೀಸಿ ಹೊಡೆದ ಚೆಂಡು ಎದುರಾಳಿಯ ಬ್ಯಾಕ್‌ಲೈನ್ ದಾಟಿದರೆ ಏನಾಗುತ್ತದೆ ಎಂದು. ಏನೂ ಆಗುವುದಿಲ್ಲ ಅನ್ನುತ್ತಾರೆ. ಎದುರಾಳಿಗೆ ಅಲ್ಲೇ ಒಂದು ಹಿಟ್ ಸಿಗುತ್ತದೆ, ಅಷ್ಟೆ. ಆದರೆ ರಕ್ಷಣೆಗೆ ನಿಂತವನು ಬೇಕೆಂದೇ ತನ್ನದೇ ಬ್ಯಾಕ್‌ಲೈನ್ ಆಚೆ ಚೆಂಡು ತಳ್ಳಿದರೆ ಪೆನಾಲ್ಟಿ ಕಾರ್ನರ್. ನೆಲದ ಹಾಕಿಗೆ ಹಿಂದಕ್ಕೆ ಓಡುವುದು ಹೇಡಿತನ, ಐಸಿನ ಹಾಕಿಗೆ ಮುಂದಕ್ಕೆ ಎಸೆಯುವುದು ಹೇಡಿತನ. ಐಸಿನ ಮೇಲೆ ಪಕ್ಕು ನಿಲ್ಲುವುದೇ ಇಲ್ಲವಲ್ಲ, ಪುಟಿಯದಿರಲೆಂದು ಆಟಕ್ಕೆ ಮುಂಚೆ ಅದನ್ನೂ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿರುತ್ತಾರೆ. ಮುಂದಕ್ಕೆ ಎಸೆಯಲು ಶ್ರಮವೇ ಇಲ್ಲ. ಶ್ರಮವಿಲ್ಲದೆ ಸಿಗುವ ಲಾಭಕ್ಕೆ ಸುಂಕ ಹಾಕಿದಂತೆ ಈ ನಿಯಮ.

ಐಸ್ ಅನ್ನುವ ಮಾತು

ಈಗ ಹೆಸರಿಗೆ ಬರೋಣ. ತಾತನ ಮೂಲ ಸಂಶಯ ಅದೇ ತಾನೆ.

ಹಾಕಿಯವರ ಬಾಯಲ್ಲಿ ‘ಐಸ್’ ಅಂದರೆ ಬರೀ ಮಂಜುಗಡ್ಡೆಯಲ್ಲ, ಆಟದ ಕಣ. ಐಸಿಗೆ ಇಳಿದ, ಐಸಿಂದ ಎದ್ದು ಬಂದ, ಐಸ್ ಖಾಲಿ ಸಿಕ್ಕಿತು ಅನ್ನುತ್ತಾರೆ. ನಾವು ಕಣಕ್ಕಿಳಿದ ಅಂದಹಾಗೆ. ಇಂಗ್ಲಿಷಿಗೆ ನಾಮಪದವನ್ನು ಎತ್ತಿ ಹಾಗೇ ಕ್ರಿಯಾಪದ ಮಾಡಿಬಿಡುವ ಚಾಳಿಯಿದೆ. ಖಾಲಿ ಬಿದ್ದ ಉದ್ದನೆಯ ಐಸಿನ ಮೇಲೆ ಪಕ್ಕನ್ನು ಹಾಯಿಸಿಬಿಡುವುದು ‘ಪಕ್ಕನ್ನು ಐಸ್ ಮಾಡುವುದು’ ಆಯಿತು, ಆ ಕೆಲಸಕ್ಕೆ ‘ಐಸಿಂಗ್’ ಎಂಬ ಹೆಸರು ನಿಂತಿತು. ಕನ್ನಡಕ್ಕೂ ಹೆಸರನ್ನು ಹೆಸರಿಸುವ, ಗುರುತನ್ನು ಗುರುತಿಸುವ ದಾರಿ ಇದೆಯಾದರೂ ಐಸಿಗೆ ಆ ‘ಇಸು’ ಹಚ್ಚಲು ಹೋಗಬೇಡಿ. ಪೊಲೀಸರು ವಿಚಾರಣೆಗೆ ಬಂದಾರು.

ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ಇನ್ನೂ ಒಂದೆರಡು ನೆರಳುಗಳಿವೆ. ಗೆಲುವನ್ನು ಕೈತಪ್ಪದಂತೆ ಭದ್ರಮಾಡಿಕೊಳ್ಳುವುದಕ್ಕೂ ‘ಐಸ್’ ಅನ್ನುತ್ತಾರೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಎದುರಾಳಿ ಇನ್ನೇನು ಒದೆಯಬೇಕು ಅನ್ನುವಾಗ ಬೇಕೆಂದೇ ಟೈಮ್‌ಔಟ್ ಕೇಳಿ ಅವನ ಕಾಲು ತಣ್ಣಗಾಗಿಸುವುದನ್ನೂ ಐಸ್ ಮಾಡುವುದು ಅನ್ನುತ್ತಾರೆ. ಅಲ್ಲಿ ಐಸ್ ಅಂದರೆ ನಿಜವಾದ ಐಸಲ್ಲ, ಹೊತ್ತು. ಎಲ್ಲ ಅರ್ಥಗಳ ಕೆಳಗೂ ಒಂದು ತಣ್ಣನೆಯ ಲೆಕ್ಕಾಚಾರ ಇದೆ.

ಊರಿಗಾಂನಲ್ಲಿ ಈ ಮಾತು ಹಿಡಿದಿರುವ ದಾರಿಯೇ ಬೇರೆ. ಇಲ್ಲಿಯ ಬೀದಿಯ ಭಾಷೆ ಹೆಚ್ಚಾಗಿ ತಮಿಳು. ಉತ್ತರ ಆರ್ಕಾಟ್, ಧರ್ಮಪುರಿ, ಸೇಲಂ ಕಡೆಯಿಂದ ಗಣಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ಆಡುವ, ಕನ್ನಡ ತೆಲುಗು ಇಂಗ್ಲಿಷು ಬೆರೆತ ತಮಿಳು. ಅದರಲ್ಲಿ ‘ಐಸ್ ವೆಕ್ಕಾದೆ’ ಅಂದರೆ ನನ್ನನ್ನು ಹೊಗಳಿ ಉಬ್ಬಿಸಬೇಡ ಎಂದು. ತಲೆ ಮೇಲೆ ಐಸ್ ಇಟ್ಟು ತಂಪು ಮಾಡಿ ಕೆಲಸ ಸಾಧಿಸುವವನ ಚಿತ್ರ ಅದು. ಕನ್ನಡದ ಬೆಣ್ಣೆ ಹಚ್ಚುವವನು ಅವನ ಒಡಹುಟ್ಟು. ತಾತನಿಗೆ ನಾನು, ನಿಮಗೆ ಹಾಕಿ ಬೇಗ ಅರ್ಥವಾಗುತ್ತದೆ ಅಂದಾಗ ಬಂದ ಉತ್ತರವೂ ಇದೇ: “ಐಸ್ ಇಡ್ಬೇಡಿ ಸಾರ್.”

ಬೆಣ್ಣೆಯ ಜಾಗದಲ್ಲಿ ಐಸ್ ಯಾಕೆ ಕೂತಿತು ಎಂದು ಗಣಿಗೆ ಇಳಿದವರನ್ನು ಕೇಳುವ ಅಗತ್ಯವಿಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಮೈ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ. 1930ರ ದಶಕದ ಕೊನೆಯ ಹೊತ್ತಿಗೇ ಈ ಗಣಿಗಳಿಗೆ ಗಾಳಿ ತಂಪು ಮಾಡಿ ಇಳಿಸುವ ಯಂತ್ರಗಳು ಬಂದಿದ್ದವು. ಬೇರೆ ಕಡೆ ತಂಪು ಸೌಖ್ಯ, ಇಲ್ಲಿ ಅದು ಉಸಿರು. ಹಾಗಂತ ಆ ನುಡಿಗಟ್ಟು ಕೆಜಿಎಫ್‌ನಲ್ಲೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ತಮಿಳು ಸೀಮೆಯಲ್ಲೆಲ್ಲ ಅದಿದೆ. ಆದರೆ ತಲೆಯ ಮೇಲೆ ಐಸ್ ಇಟ್ಟರೆ ಮನುಷ್ಯ ಕರಗುತ್ತಾನೆ ಎಂದು ಇಲ್ಲಿಯವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಾರದು.

ಇನ್ನೂ ಒಂದು ಹೆಸರಿದೆ, ಐಸಿಂಗಿನ ಗುಟ್ಟು ನನಗೆ ಬಿಟ್ಟುಕೊಟ್ಟದ್ದು ಅದೇ. ‘ಏರ್ ಬ್ಲಾಸ್ಟ್’. ಕೆಜಿಎಫ್‌ನಲ್ಲಿ ಆ ಎರಡು ಪದ ಹೇಳಿದರೆ ಹಳೆಯ ತಲೆಗಳು ಮಾತು ನಿಲ್ಲಿಸುತ್ತವೆ. ಚಿನ್ನ ತೆಗೆದು ಪೊಳ್ಳಾದ ಜಾಗದ ಸುತ್ತ ಬಂಡೆಯ ಮೇಲಿನ ಒತ್ತಡ ಏರಿ ಏರಿ ಒಂದು ಗಳಿಗೆಯಲ್ಲಿ ಅದು ಸಿಡಿಯುತ್ತದೆ. ಕೆಳಗೆ ಜನ ಸಾಯುತ್ತಾರೆ. ಮೇಲೆ ಮನೆಗಳ ಗೋಡೆ ಅಲ್ಲಾಡುತ್ತದೆ, ಅಟ್ಟದ ಪಾತ್ರೆ ಉರುಳುತ್ತದೆ, ಹೆಂಗಸರು ಶಾಫ್ಟಿನ ಕಡೆ ಓಡುತ್ತಾರೆ. ಸಿಡಿಯುವುದು ಬಂಡೆ, ಗಾಳಿಯಲ್ಲ. ಭೂವಿಜ್ಞಾನಿಗಳು ಅದನ್ನು ರಾಕ್ ಬರ್ಸ್ಟ್ ಅನ್ನುತ್ತಾರೆ, ಅದು ಸರಿಯಾದ ಹೆಸರು. ಆದರೆ ಗಣಿಯವರ ಬಾಯಲ್ಲಿ ಉಳಿದದ್ದು ಏರ್ ಬ್ಲಾಸ್ಟ್. ಆ ಕತ್ತಲಲ್ಲಿ ಇದ್ದವನ ಮೈಗೆ ಮೊದಲು ಬಡಿಯುವುದು ಗಾಳಿಯ ಹೊಡೆತ, ಬಂಡೆ ಎಲ್ಲಿ ಒಡೆಯಿತು ಎಂದು ತಿಳಿಯುವುದು ಆಮೇಲೆ. ಒಳಗಿದ್ದವರು ಇಟ್ಟ ಹೆಸರು ಹೊರಗಿನವರಿಗೆ ಅರ್ಥ ಬಿಡಿಸಿ ಹೇಳಲು ಹುಟ್ಟಿದ್ದಲ್ಲ.

ಐಸಿಂಗ್ ಕೂಡ ಆ ಜಾತಿಯದೇ. ಗೆರೆ ಎಷ್ಟನೆಯದು, ಯಾರು ಮುಟ್ಟಿದರು ಎಂಬುದೇನೂ ಆ ಹೆಸರಿನಲ್ಲಿಲ್ಲ. ಹೊಡೆದವನ ಕಣ್ಣಿಗೆ ಆ ಗಳಿಗೆಯಲ್ಲಿ ಕಂಡದ್ದು ಮಾತ್ರ ಇದೆ: ಮುಂದೆ ಹಾಸಿಕೊಂಡ ಬರೀ ಐಸು. ಬೌರಿಂಗ್ ಯಾರೆಂದು ತಿಳಿಯದೆಯೇ ಜನ ಬೌರಿಂಗ್‌ಪೇಟೆಯನ್ನು ಬಂಗಾರಪೇಟೆ ಮಾಡಿಕೊಂಡರು. ಗಣಿ ಮುಚ್ಚಿದ ಮೇಲೂ ರೈಲು ‘ಚಾಂಪಿಯನ್’ನಲ್ಲಿ ನಿಲ್ಲುತ್ತದೆ. ಹೆಸರು ಬಳಸಲು ಅರ್ಥ ಗೊತ್ತಿರಬೇಕೆಂದೇನೂ ಇಲ್ಲ.

ಗೆರೆಯ ತನಕ ಓಟ

ನಿಯಮ ಬಂದಮೇಲೆ ಅದರಿಂದಲೇ ಒಂದು ಕಂಟಕ ಹುಟ್ಟಿತು. ಎನ್‌ಎಚ್‌ಎಲ್ಲಿನಲ್ಲಿ ಬಹಳ ಕಾಲ ಪಕ್ಕು ಗೆರೆ ದಾಟಿದರಷ್ಟೇ ಸಾಲದಾಗಿತ್ತು, ಎದುರಾಳಿ ತಂಡದವನು ಹೋಗಿ ಅದನ್ನು ಮುಟ್ಟಬೇಕಿತ್ತು. ಹೊಡೆದ ತಂಡದವನೇ ಮೊದಲು ಮುಟ್ಟಿದರೆ ಐಸಿಂಗ್ ರದ್ದು. ಹಾಗಾಗಿ ಇಬ್ಬರು ಆಟಗಾರರು ಕಾಲಿಗೆ ಬ್ಲೇಡು ಕಟ್ಟಿಕೊಂಡು, ಪೂರ್ತಿ ವೇಗದಲ್ಲಿ, ಗೋಡೆಯ ಕಡೆಗೆ ಓಡಬೇಕು. ಓಟದ ಕೊನೆಯಲ್ಲಿ ನಿಲ್ಲಲು ಜಾಗವಿಲ್ಲ. ಜೆಕೊಸ್ಲೊವಾಕಿಯಾದ ಲುಡೆಕ್ ಚೈಕಾ ಎಂಬ ಆಟಗಾರ 1990ರ ಜನವರಿಯಲ್ಲಿ ಇಂಥದೇ ಓಟದಲ್ಲಿ ಗೋಡೆಗೆ ಅಪ್ಪಳಿಸಿ ಕುತ್ತಿಗೆಗೆ ಪೆಟ್ಟು ಮಾಡಿಕೊಂಡ, ಫೆಬ್ರವರಿಯಲ್ಲಿ ತೀರಿಕೊಂಡ. ಜ್ಲೀನ್ ನಗರದ ಐಸ್ ಕ್ರೀಡಾಂಗಣಕ್ಕೆ ಅವನ ಹೆಸರಿದೆ. ಅಂತರರಾಷ್ಟ್ರೀಯ ಹಾಕಿ ಓಟವನ್ನೇ ತೆಗೆದುಹಾಕಿತು: ಪಕ್ಕು ಗೆರೆ ದಾಟಿತೋ, ಸೀಟಿ ಬೀಳುತ್ತಿತ್ತು. ಎನ್‌ಎಚ್‌ಎಲ್ ಮಾತ್ರ ಓಟದಲ್ಲಿ ರೋಚಕತೆಯಿದೆ ಎಂದು ಹಟ ಹಿಡಿದು ಕೂತಿತು. 2008ರಲ್ಲಿ ಮಿನೆಸೋಟದ ಕರ್ಟಿಸ್ ಫಾಸ್ಟರ್ ತೊಡೆಮೂಳೆ ಮುರಿದುಕೊಂಡ. 2013ರಲ್ಲಿ ಕ್ಯಾರೊಲೈನದ ಯೋನಿ ಪಿಟ್ಕಾನೆನ್ ಹಿಮ್ಮಡಿ ಮುರಿದುಕೊಂಡ. ಆ ವರ್ಷದ ಕೊನೆಗೆ ಶುರುವಾದ ಋತುವಿನಿಂದ ನಡುದಾರಿಯೊಂದು ಬಂತು. ಗೋಡೆಗೆ ಮುಂಚೆಯೇ, ಫೇಸ್‌ಆಫ್ ಚುಕ್ಕೆಗಳ ಹತ್ತಿರ, ಯಾರು ಮುಂದಿದ್ದಾರೆ ಎಂದು ಲೈನ್ಸ್‌ಮನ್ ನೋಡಿ ತೀರ್ಪು ಕೊಡುತ್ತಾನೆ. ಇದಕ್ಕೆ ಹೈಬ್ರಿಡ್ ಐಸಿಂಗ್ ಎಂದು ಹೆಸರು, ರಾಗಿ ಜೋಳದ ತಳಿಯ ಹಾಗೆ.

ನಮ್ಮ ದೇಶದಲ್ಲಿ ಐಸ್ ಹಾಕಿ ಇರುವುದು ಹಿಮಾಲಯದ ಮಡಿಲಲ್ಲಿ. ಶಿಮ್ಲಾದಲ್ಲಿ 1920ರಿಂದ ಐಸ್ ಅಂಕಣವಿದೆ. ಲಡಾಖಿನಲ್ಲಿ ಹೆಪ್ಪುಗಟ್ಟಿದ ಕೆರೆಗಳೇ ಅಂಕಣ, ಸೇನೆಯವರೂ ಊರಿನ ಹುಡುಗ ಹುಡುಗಿಯರೂ ಆಡುತ್ತಾರೆ. ವರ್ಷದಲ್ಲಿ ಎರಡು ತಿಂಗಳು ಸಿಕ್ಕರೆ ಹೆಚ್ಚು. ಅಷ್ಟರಲ್ಲೇ ಕಲಿತ ಭಾರತದ ಹೆಣ್ಣುಮಕ್ಕಳು 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಕಂಚು ತಂದರು. ಕೆರೆಯ ಮೇಲೆ ಗೋಡೆ ಸರಿಯಾಗಿಲ್ಲದ ಕಡೆ ಪಕ್ಕನ್ನು ದೂರ ಅಟ್ಟಿದರೆ ಏನಾಗುತ್ತದೆ ಎಂದು ನೆನೆದರೆ ಲೈನ್ ಮನೆಯ ನಿಯಮವೇ ನೆನಪಾಗುತ್ತದೆ. ಹೊಡೆದವನೇ ಹೋಗಿ ತರಬೇಕು.

ಶಿಫ್ಟು

ನನ್ನ ತಕರಾರು ಹೇಳುತ್ತೇನೆ ಎಂದಿದ್ದೆ. ತಪ್ಪು ಮಾಡಿದ ಆಟಗಾರನನ್ನು ಐಸ್ ಹಾಕಿಯಲ್ಲಿ ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಆ ಎರಡು ನಿಮಿಷ ಅವನ ತಂಡ ಒಬ್ಬನನ್ನು ಕಮ್ಮಿ ಮಾಡಿಕೊಂಡು ಆಡಬೇಕು. ಆದರೆ ಆ ತಂಡಕ್ಕೆ ಆಗ ಐಸಿಂಗ್ ಅನ್ವಯಿಸುವುದಿಲ್ಲ. ಎಷ್ಟು ಬೇಕಾದರೂ ಅಟ್ಟಬಹುದು. ಅಂದರೆ ತಪ್ಪು ಮಾಡಿದವರಿಗೇ ರಿಯಾಯಿತಿ! ಅಮೆರಿಕದಲ್ಲಿ 2017ರಿಂದ 14 ವರ್ಷದೊಳಗಿನ ಮಕ್ಕಳ ಆಟದಲ್ಲಿ ಈ ರಿಯಾಯಿತಿ ತೆಗೆದಿದ್ದಾರೆ, ಮಕ್ಕಳು ಅಟ್ಟುವುದು ಬಿಟ್ಟು ಆಡುವುದು ಕಲಿಯಲಿ ಎಂದು. ನನಗೆ ಅದೇ ಸರಿ ಕಾಣುತ್ತದೆ.

ತಾತ ಒಪ್ಪಲಿಲ್ಲ. “ಗ್ಯಾಂಗಲ್ಲಿ ಒಬ್ಬ ಕಮ್ಮಿ ಬಂದ್ರೆ ಮಿಕ್ಕೋರಿಗೆ ಸ್ವಲ್ಪ ಬಿಡ್ಬೇಕು ಸಾರ್. ಕೆಲಸ ಅಷ್ಟೇ ಇರುತ್ತೆ, ಕೈ ಕಮ್ಮಿ ಆಗಿರುತ್ತೆ.” ಬಂದಿಲ್ಲದವನ ತಪ್ಪು ಬಂದವರ ಮೇಲೆ ಹೊರಿಸಬಾರದು ಅನ್ನುವುದು ಅವರ ವಾದ. ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ಬಂದದ್ದು ಆಯಾಸದ ಮಾತು. ನಾನು ಅಷ್ಟು ಹೊತ್ತೂ ಐಸಿಂಗ್ ಅಂದರೆ ಹೊತ್ತು ಕೊಲ್ಲುವುದು ಎಂದು ವಿವರಿಸುತ್ತಾ ಬಂದಿದ್ದೆ. 1931ರಲ್ಲಿ ಅದು ನಿಜ. ಈಗಿನ ಆಟದಲ್ಲಿ ಅದಕ್ಕೆ ಬೇರೆ ಕಾರಣವಿದೆ. ಐಸ್ ಹಾಕಿಯಲ್ಲಿ ಗೋಲ್‌ಕೀಪರನ್ನು ಬಿಟ್ಟು ಐವರು ಐಸಿನ ಮೇಲಿರುತ್ತಾರೆ, ಉಳಿದವರು ಬೆಂಚಿನ ಮೇಲೆ. ಮೈಯಲ್ಲಿನ ಕಸುವನ್ನೆಲ್ಲ ಸುರಿದು ಸುಮಾರು ಮುಕ್ಕಾಲು ನಿಮಿಷ ಆಡುವುದು, ಬೆಂಚಿಗೆ ಓಡುವುದು, ಹೊಸಬರು ಇಳಿಯುವುದು. ಆ ಮುಕ್ಕಾಲು ನಿಮಿಷದ ಸರದಿಗೆ ಅವರ ಭಾಷೆಯಲ್ಲಿ ‘ಶಿಫ್ಟ್’ ಅನ್ನುತ್ತಾರೆ. ಎದುರಾಳಿ ಗೋಲಿನ ಮುಂದೆ ಮುತ್ತಿಗೆ ಹಾಕಿದಾಗ ಬೆಂಚಿಗೆ ಹೋಗಲು ಆಗುವುದಿಲ್ಲ. ಒಂದು ನಿಮಿಷ, ಒಂದೂವರೆ ನಿಮಿಷ, ಕಾಲು ಸೀಸವಾಗುತ್ತದೆ, ಎದೆ ಉರಿಯುತ್ತದೆ. ಆಗ ಯಾರೋ ಒಬ್ಬ ಪಕ್ಕನ್ನು ಸಿಕ್ಕಿಸಿಕೊಂಡು ಆ ತುದಿಗೆ ಅಟ್ಟುತ್ತಾನೆ. ಸೀಟಿ ಬಿದ್ದರೆ ಬೀಳಲಿ. ಮೊದಲೆಲ್ಲ ಆ ಸೀಟಿಯ ನೆಪದಲ್ಲಿ ದಣಿದವರು ಹೊರಗೆ ಹೋಗುತ್ತಿದ್ದರು, ದಣಿಯದವರು ಒಳಗೆ ಬರುತ್ತಿದ್ದರು.

2004–05ರ ಋತು ಆಟಗಾರರ ಸಂಬಳದ ಜಗಳದಲ್ಲಿ ಪೂರ್ತಿ ರದ್ದಾಗಿತ್ತು. ಮರುವರ್ಷ ಲೀಗು ಮತ್ತೆ ಬಾಗಿಲು ತೆರೆದಾಗ ಹೊಸ ನಿಯಮಗಳ ಕಂತೆಯಲ್ಲಿ ಒಂದು ಸಾಲು ಸೇರಿತ್ತು: ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಪಕ್ಕನ್ನು ಅಟ್ಟಿದಾಗ ಐಸಿನ ಮೇಲಿದ್ದ ಐವರೇ ಮತ್ತೆ ಫೇಸ್‌ಆಫಿಗೆ ನಿಲ್ಲಬೇಕು, ಎದುರಾಳಿ ಮಾತ್ರ ಹೊಸ ಕಾಲುಗಳನ್ನು ಇಳಿಸಬಹುದು. ತರಬೇತುದಾರರು ಸುಮ್ಮನಿದ್ದಾರೆಯೇ? ಟೈಮ್‌ಔಟ್ ಕೇಳಿ ಉಸಿರು ಕೊಡಿಸಲು ಶುರು ಮಾಡಿದರು. 2017ರಲ್ಲಿ ಅದಕ್ಕೂ ಬೀಗ ಬಿತ್ತು. 87 ಬಾರಿ ಅಟ್ಟಿದ ಕಾಲದಿಂದ ಇಲ್ಲಿಯವರೆಗೆ ಈ ನಿಯಮ ಬೆಳೆದ ದಾರಿಯನ್ನು ನೋಡಿದರೆ, ಮೊದಲು ಅದು ಕಿತ್ತುಕೊಂಡದ್ದು ಹೊತ್ತನ್ನು, ಈಗ ಕಿತ್ತುಕೊಳ್ಳುತ್ತಿರುವುದು ಉಸಿರನ್ನು.

ಇದನ್ನು ತಾತನಿಗೆ ಹೇಳಿದೆ. ಶಿಫ್ಟು ಅಂದೆ. ಅವರು ಫೋನಿನಿಂದ ಕಣ್ಣು ಎತ್ತಿದರು.

“ಶಿಫ್ಟಾ? ಶಿಫ್ಟು ಅಂತಲೇ ಅಂತಾರಾ?”

“ಶಿಫ್ಟು ಅಂತಲೇ.”

“ರಿಲೀಫ್ ಕೊಡಲ್ಲ?”

“ಐಸಿಂಗ್ ಮಾಡಿದ್ರೆ ಕೊಡಲ್ಲ.”

ಅವರು ಟೀ ಲೋಟ ಕೆಳಗಿಟ್ಟರು. ಗಣಿಯಲ್ಲಿ ಶಿಫ್ಟು ಅಂದರೆ ಎಂಟು ಗಂಟೆ. ಮೇಲಿಂದ ಕೇಜು ಇಳಿಯಬೇಕು, ಅದರಲ್ಲಿ ಬಂದವರು ಕೆಲಸ ವಹಿಸಿಕೊಳ್ಳಬೇಕು, ಆಮೇಲೆ ಇವರು ಹತ್ತಬೇಕು. ಕೇಜು ಬರಲಿಲ್ಲವೆಂದರೆ ಮೇಲೆ ಏನೋ ಆಗಿದೆ, ಅಥವಾ ಕೆಳಗೆ. ಏನಾಗಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಕ್ಯಾಪ್ ಲ್ಯಾಂಪಿನ ಬೆಳಕು ಮಂಕಾಗುತ್ತಾ ಬರುವುದನ್ನು ನೋಡುತ್ತಾ ಕೂರಬೇಕು. ಇದನ್ನು ಅವರು ನನಗೆ ದೊಡ್ಡ ಕಥೆಯಾಗಿ ಹೇಳಲಿಲ್ಲ. ಎರಡು ವಾಕ್ಯ ಹೇಳಿ ಮತ್ತೆ ಫೋನಿನ ಕಡೆ ತಿರುಗಿದರು. ಕೆಜಿಎಫ್‌ನ ಜನ ಕೆಳಗಿನ ಮಾತನ್ನು ಮೇಲೆ ಹೆಚ್ಚು ಆಡುವುದಿಲ್ಲ.

ಅಷ್ಟರಲ್ಲಿ ಮಾರಿಕುಪ್ಪಂ ಕಡೆಯಿಂದ ರೈಲು ಬಂತು. ಟೀ ಅಂಗಡಿಯಿಂದ ನಾಲ್ಕೈದು ಜನ ಬ್ಯಾಗು ಹೆಗಲಿಗೇರಿಸಿ ಓಡಿದರು. ನಾನೂ ಏಳಬೇಕಿತ್ತು. ಫೋನಿನಲ್ಲಿ ಲೀಫ್ಸ್ ಮತ್ತೆ ಪಕ್ಕನ್ನು ಅಟ್ಟಿತು. ಲೈನ್ಸ್‌ಮನ್ ಕೈ ಎತ್ತಿದ. ಹುಡುಗ ಆ ಕಡೆಯಿಂದ ಅಯ್ಯೋ ಎಂದ. ಈ ಸಲ ತಾತ ಸೀಟಿ ಯಾಕೆ ಎಂದು ಕೇಳಲಿಲ್ಲ. ಪರದೆಯ ಮೂಲೆಯಲ್ಲಿ, ಕೋಲನ್ನು ತೊಡೆಗಳಿಗೆ ಅಡ್ಡ ಇಟ್ಟು ಬಾಗಿ ನಿಂತಿದ್ದ ಒಬ್ಬ ಆಟಗಾರನ ಮೇಲೆ ಬೆರಳಿಟ್ಟು ತೋರಿಸಿದರು.

“ಇವನ್ನ ನೋಡಿ ಸಾರ್. ಬೆಂಚ್ ಕಡೆ ನೋಡ್ತಾನೇ ಇಲ್ಲ.”